ಸಹಿ ಹಾಕುವವ ಕಾರ್ಮಿಕನೋ, ಸಾಹೇಬನೋ?

ಮುಂಬೈಯ ಕಲೀನಾ, ವಾಕೋಲಾ, ಮರೋಳ್ ಕಡೆ ವಿಮಾನ ದುರಸ್ತಿಯ ಕೆಲಸಕ್ಕೆ ಸೇರುವ ನಮ್ಮವರ ಮನೆ ಹುಡುಗರು ಲೈಸೆನ್ಸ್ ಕೈಗೆ ಬಂದ ಕೂಡಲೇ ಕೇಳುವುದು ಇದನ್ನೇ: "ಅಣ್ಣಾ, ಯೂನಿಯನ್ ಇರೋ ಕಂಪನಿ ಒಳ್ಳೇದಾ, ಇಲ್ಲದ್ದಾ?" ಕೇಳುವಾಗ ತಲೆಯಲ್ಲಿರುವುದು ಸಂಬಳ. ಸಂಬಳದ ಮಾತು ಆಮೇಲೆ ಬರುತ್ತದೆ. ಮೊದಲು ಬೆಳಗಿನ ಜಾವ ನಾಲ್ಕು ಗಂಟೆಗೆ ವಿಮಾನ ನಿಲ್ಲುವ ಬೇ ಮೇಲೆ ಏನು ನಡೆಯುತ್ತದೆ ಅಂತ ನೋಡೋಣ.

ಮುಂಬೈಯಲ್ಲಿ ಲೈನ್ ಕೆಲಸದ, ಅಂದರೆ ಎರಡು ಹಾರಾಟದ ನಡುವೆ ಮಾಡುವ ತಪಾಸಣೆ-ದುರಸ್ತಿಯ, ಮುಖ್ಯ ಪಾಲು ರಾತ್ರಿಯದು. ಹಗಲಿಡೀ ಹಾರಿದ ವಿಮಾನ ಕೊನೆಯ ಸುತ್ತು ಮುಗಿಸಿ ಮಧ್ಯರಾತ್ರಿ ಹೊತ್ತಿಗೆ ಬಂದು ನಿಲ್ಲುತ್ತದೆ, ಬೆಳಕು ಹರಿಯುವಾಗ ಮತ್ತೆ ಹೊರಡಬೇಕು. ನಡುವೆ ಸಿಗುವ ನಾಲ್ಕೈದು ಗಂಟೆಯಲ್ಲಿ ಡೈಲಿ ಚೆಕ್ ಆಗಬೇಕು, ಟೆಕ್ ಲಾಗ್‌ನಲ್ಲಿ ಬರೆದ ಸ್ನ್ಯಾಗ್ (ದೋಷ) ತೀರಬೇಕು, ಎಂಇಎಲ್ (ಯಾವ ದೋಷ ಇಟ್ಟುಕೊಂಡು ಹಾರಬಹುದು ಎಂಬ ಪಟ್ಟಿ) ಮೇಲೆ ಮುಂದೂಡಿದ್ದರ ವಾಯಿದೆ ನೋಡಬೇಕು. ಬಿ ವರ್ಗದ್ದಕ್ಕೆ 3 ದಿನ, ಸಿ ವರ್ಗದ್ದಕ್ಕೆ 10 ದಿನ. ಜುಲೈ ತಿಂಗಳಲ್ಲಿ ಮಿಂಚಿನ ಎಚ್ಚರಿಕೆ ಬಂದರೆ ಏಪ್ರನ್ (ವಿಮಾನ ನಿಲ್ಲುವ ಅಂಗಳ) ಮೇಲಿನ ಕೆಲಸ ನಿಲ್ಲುತ್ತದೆ. ಹಾಗೆ ಹೋದ ಮುಕ್ಕಾಲು ಗಂಟೆಯನ್ನು ಯಾರೂ ವಾಪಸ್ ಕೊಡುವುದಿಲ್ಲ.

ಒಂದು ಸಾದಾ ಕೆಲಸ ತೆಗೆದುಕೊಳ್ಳಿ, ಎ320ರ ಮೇನ್ ವೀಲ್ ಬದಲಾಯಿಸುವುದು. ಟೈರ್ ಸೇರಿ ಚಕ್ರದ ತೂಕ ನೂರು ಕೆಜಿ ಮೀರುತ್ತದೆ, ಒಳಗೆ ಸುಮಾರು 200 ಪಿಎಸ್‌ಐ ನೈಟ್ರೋಜನ್. ಜ್ಯಾಕ್ ಏರಿಸಿ, ಹಳೆಯ ಚಕ್ರ ಎಳೆದು, ಆ್ಯಕ್ಸಲ್ ಒರೆಸಿ, ಗ್ರೀಸ್ ಹಚ್ಚಿ, ಬೇರಿಂಗಿನ ಸೀಲ್ ಆ್ಯಕ್ಸಲ್ ತುದಿಯ ತಿರುಪಿಗೆ ಉಜ್ಜಿ ಹರಿಯದಂತೆ ಅದಕ್ಕೆ ಕವಚ ತೊಡಿಸಿ ಹೊಸದನ್ನು ಕೂರಿಸುವವರೆಗೆ ಬರೀ ಮೈಕೆಲಸ. ನಾಜೂಕಿನದು ಕೊನೆಯಲ್ಲಿ ಬರುತ್ತದೆ. ನಟ್ಟನ್ನು ಮೊದಲು ದೊಡ್ಡ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿಯಬೇಕು, ಬಿಗಿಯುವಷ್ಟು ಹೊತ್ತೂ ಚಕ್ರ ತಿರುಗುತ್ತಿರಬೇಕು. ಆಮೇಲೆ ಸಡಿಲಿಸಿ, ಮತ್ತೆ ತಿರುಗಿಸುತ್ತಾ ಕಡಿಮೆ ಟಾರ್ಕ್‌ಗೆ ತಂದು ಲಾಕ್ ಹಾಕಬೇಕು. ಚಕ್ರ ತಿರುಗದಿದ್ದರೆ ಬೇರಿಂಗಿನ ರೋಲರ್‌ಗಳು ತಮ್ಮ ಜಾಗದಲ್ಲಿ ಕೂರುವುದಿಲ್ಲ. ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸುತ್ತದೆ, ಬೇರಿಂಗ್ ಮಾತ್ರ ಸಡಿಲವೇ ಇರುತ್ತದೆ. ನಾಲ್ಕಾರು ಲ್ಯಾಂಡಿಂಗ್ ಆದ ಮೇಲೆ ಅದು ಬಿಸಿಯಾಗಿ ಹಾಳಾಗುತ್ತದೆ. ಆದ್ದರಿಂದ ಇದು ಇಬ್ಬರ ಕೆಲಸ: ಒಬ್ಬ ತಿರುಗಿಸಬೇಕು, ಇನ್ನೊಬ್ಬ ಬಿಗಿಯಬೇಕು. ನಾಲ್ಕು ಗಂಟೆಗೆ ಆ ಎರಡನೆಯವನನ್ನು ಪಕ್ಕದ ಬೇಗೆ ಕಳಿಸಿಬಿಟ್ಟರೆ ಉಳಿದವನು ಏನು ಮಾಡುತ್ತಾನೆ? ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ರೆಂಚ್. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ.

ಯೂನಿಯನ್ ಒಪ್ಪಂದ ಅನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಳ್ಳೆಯ ಒಪ್ಪಂದದಲ್ಲಿ ಯಾವ ಕೆಲಸಕ್ಕೆ ಎಷ್ಟು ಜನ, ಒಂದು ಶಿಫ್ಟಿಗೆ ಕನಿಷ್ಠ ಎಷ್ಟು ಮಂದಿ ವಿಮಾನ ಹಾರಾಟಕ್ಕೆ ಯೋಗ್ಯ ಎಂದು ಸಹಿ ಹಾಕುವ ಅಧಿಕಾರದವರು, ಶಿಫ್ಟ್ ಮುಂದುವರಿದರೆ ಮರುದಿನ ಎಷ್ಟು ಹೊತ್ತಿಗೆ ಬರಬೇಕು ಎಂಬುದೆಲ್ಲ ಬರಹದಲ್ಲಿ ಇರುತ್ತದೆ. ಯೂನಿಯನ್ ಇಲ್ಲದ ಕಡೆ ಇವೆಲ್ಲ ಶಿಫ್ಟ್ ಇನ್‌ಚಾರ್ಜ್‌ನ ಸ್ವಭಾವದ ಮೇಲೆ ನಿಂತಿರುತ್ತವೆ. ಆತ ಒಳ್ಳೆಯವನಾದರೆ ಚಿಂತೆಯಿಲ್ಲ, ಬದಲಾದರೆ ಕಷ್ಟ.

ನಿಯಮ ಇಲ್ಲವೇ ಅಂದರೆ ಇದೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎಆರ್-145ರಲ್ಲಿ (ದುರಸ್ತಿ ಸಂಸ್ಥೆಗಳ ನಿಯಮಾವಳಿ) 145.ಎ.47 ಕಲಮು, ಕೆಲಸ ಮತ್ತು ಶಿಫ್ಟ್ ಯೋಜಿಸುವಾಗ ಮನುಷ್ಯನ ಸಾಮರ್ಥ್ಯದ ಮಿತಿಯನ್ನು ಗಣನೆಗೆ ತೆಗೆದುಕೊಳ್ಳಬೇಕು ಅನ್ನುತ್ತದೆ. ಎಷ್ಟು ಗಂಟೆ ಅಂತ ಆ ಕಲಮು ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪೈಲಟ್‌ಗಳ ಡ್ಯೂಟಿ ಗಂಟೆಗೆ ಇರುವ ಕೋಷ್ಟಕವನ್ನು ಇದರ ಪಕ್ಕ ಇಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರಕ್ಕಾಗಿ ಪ್ರೊಫೆಸರ್ ಸೈಮನ್ ಫೋಕರ್ಡ್ ಮಾಡಿದ ವರದಿಯಲ್ಲಿ ಅಂಕಿಗಳೇ ಇವೆ: ಶಿಫ್ಟ್ 12 ಗಂಟೆ ಮೀರಬಾರದು, ಓವರ್‌ಟೈಮ್ ಸೇರಿದರೂ 13 ಮೀರಬಾರದು, ಎರಡು ಶಿಫ್ಟ್ ನಡುವೆ ಕನಿಷ್ಠ 11 ಗಂಟೆ ವಿರಾಮ, ವಾರಕ್ಕೆ ಓವರ್‌ಟೈಮ್ ಸೇರಿ 60 ಗಂಟೆ, ರೋಸ್ಟರ್ 28 ದಿನ ಮುಂಚೆ ಕೈಗೆ. ಅದು ಸಲಹೆಯೇ ಹೊರತು ನಮ್ಮಲ್ಲಿ ಕಾನೂನಲ್ಲ. ಆದರೆ ಒಪ್ಪಂದದ ಮೇಜಿನ ಮೇಲೆ ಇಡಲು ಇದಕ್ಕಿಂತ ಒಳ್ಳೆಯ ಕಾಗದ ಸಿಗುವುದಿಲ್ಲ.

ದಣಿವಿನ ಮಾತು ಬಂದಾಗ 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ಘಟನೆಯನ್ನು ಎಲ್ಲ ಹ್ಯೂಮನ್ ಫ್ಯಾಕ್ಟರ್ಸ್ ತರಗತಿಯಲ್ಲೂ ಹೇಳುತ್ತಾರೆ, ಹಾರುವಾಗ ಮುಂದಿನ ಗಾಜು ಕಿತ್ತುಹೋಗಿ ಪೈಲಟ್ ಅರ್ಧ ಹೊರಗೆ ಹೋದದ್ದನ್ನು ಹೇಳಿ ಮುಗಿಸುತ್ತಾರೆ. ನೋಡಬೇಕಾದ್ದು ಅದಕ್ಕೆ ಮುಂಚೆ ಆ ಗಾಜು ಬದಲಾಯಿಸಿದ ರಾತ್ರಿಯನ್ನು. ಜನ ಸಾಲದೆ ಶಿಫ್ಟ್ ಮ್ಯಾನೇಜರ್ ತಾನೇ ಗಾಜು ಕೂರಿಸಿದ. ಹಳೆಯ ಬೋಲ್ಟಿಗೆ ಹೊಸದನ್ನು ಕಣ್ಣಳತೆಯಲ್ಲಿ ಹೋಲಿಸಿ ತೆಗೆದುಕೊಂಡ. 90 ಬೋಲ್ಟ್‌ಗಳಲ್ಲಿ 84 ವ್ಯಾಸದಲ್ಲಿ ಸಣ್ಣವು, ಉಳಿದ 6 ಉದ್ದದಲ್ಲಿ ಗಿಡ್ಡ. ಮಾಡಿದವನೂ ಅವನೇ, ಸಹಿ ಹಾಕಿದವನೂ ಅವನೇ. ಜನ ಕಡಿಮೆಯಾದಾಗ ಮೊದಲು ಮಾಯವಾಗುವುದು ಎರಡನೆಯ ಕಣ್ಣು.

ಇನ್ನು ಕಾನೂನಿನ ಭಾಗ. ಇದನ್ನು ನಮ್ಮವರು ಓದುವುದೇ ಇಲ್ಲ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದು 1926ರ ಟ್ರೇಡ್ ಯೂನಿಯನ್ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ ಎರಡರ ಜಾಗವನ್ನೂ ತೆಗೆದುಕೊಂಡಿದೆ. ಅದರಲ್ಲಿ ಕಾರ್ಮಿಕ ಎಂದರೆ ಯಾರು? ಮುಖ್ಯವಾಗಿ ಆಡಳಿತದ ಕೆಲಸ ಮಾಡುವವನು ಅಲ್ಲ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿ ಮೀರಿ ಪಡೆಯುವವನೂ ಅಲ್ಲ. ತಾಂತ್ರಿಕ ಕೆಲಸದವನಿಗೆ ಮಾತ್ರ ಸಂಬಳದ ಮಿತಿಯೇ ಇಲ್ಲ. ಟೆಕ್ನಿಷಿಯನ್‌ನ ವಿಷಯದಲ್ಲಿ ತಕರಾರು ಬರುವುದಿಲ್ಲ. ಲೈಸೆನ್ಸ್ ಇರುವ ಎಎಂಇ (ವಿಮಾನ ದುರಸ್ತಿ ಎಂಜಿನಿಯರ್) ವಿಮಾನವನ್ನು ಹಾರಾಟಕ್ಕೆ ರಿಲೀಸ್ ಮಾಡುತ್ತಾನೆ, ಕೆಳಗೆ ನಾಲ್ಕು ಜನರೂ ಇರುತ್ತಾರೆ. ಅವನು ತಾಂತ್ರಿಕನೋ ಮೇಲ್ವಿಚಾರಕನೋ? ಕಂಪನಿ ಅವನಿಗೆ ಡೆಪ್ಯುಟಿ ಮ್ಯಾನೇಜರ್ ಅಂತ ಬಿಲ್ಲೆ ಕೊಡುವುದು ಸುಮ್ಮನೆ ಅಲ್ಲ. ನ್ಯಾಯಾಲಯ ಹುದ್ದೆಯ ಹೆಸರನ್ನು ನೋಡುವುದಿಲ್ಲ, ದಿನದ ಬಹುಪಾಲು ಕೈ ಏನು ಮಾಡುತ್ತದೆ ಅನ್ನುವುದನ್ನು ನೋಡುತ್ತದೆ. ಹಾಗಾಗಿ ನಿಮ್ಮ ಸಹಿ ಇರುವ ಟಾಸ್ಕ್ ಕಾರ್ಡ್‌ಗಳ ದಾಖಲೆ ವಿಸಿಟಿಂಗ್ ಕಾರ್ಡಿಗಿಂತ ತೂಕದ್ದು. ಸಾಹೇಬ ಅನ್ನಿಸಿಕೊಳ್ಳುವ ಆಸೆಗೆ ಕಾರ್ಮಿಕ ಎಂಬ ಶಬ್ದವನ್ನು ಕಳೆದುಕೊಳ್ಳುವವರನ್ನು ಕಂಡರೆ ಬೇಸರವಾಗುತ್ತದೆ.

ಯಾಕೆಂದರೆ ಆ ಶಬ್ದಕ್ಕೆ ಜೋತುಬಿದ್ದ ಹಕ್ಕುಗಳು ದೊಡ್ಡವು. ಶಿಫ್ಟ್, ಗಂಟೆ, ಭತ್ಯೆ ಬದಲಾಯಿಸಬೇಕಾದರೆ ಕಂಪನಿ 21 ದಿನದ ನೋಟಿಸ್ ಕೊಡಬೇಕು. ಯೂನಿಯನ್ ಇರಲಿ ಬಿಡಲಿ, ಇದು ಅನ್ವಯಿಸುತ್ತದೆ. ಆದರೆ ಕೊಡದೆ ಹೋದರೆ ಕೇಳುವವರು ಯಾರು? ಒಬ್ಬನೇ ಕಾರ್ಮಿಕ ತನ್ನ ಹೆಸರಿನಲ್ಲಿ ವಿವಾದ ಎತ್ತಬಹುದಾದ್ದು ಕೆಲಸದಿಂದ ತೆಗೆದಾಗ ಮಾತ್ರ. ರೋಸ್ಟರ್, ರಾತ್ರಿ ಭತ್ಯೆ, ಸಾರಿಗೆ ಇವೆಲ್ಲ ಸಾಮೂಹಿಕವಾಗಿ ಎತ್ತಬೇಕಾದ ವಿಷಯ. ಗುಂಪು ಇಲ್ಲದಿದ್ದರೆ 21 ದಿನದ ಹಕ್ಕು ಊಟಕ್ಕಿಲ್ಲದ ಉಪ್ಪಿನಕಾಯಿ. ಇನ್ನೊಂದು ಮಾತು: ರಾಜಿ ಅಧಿಕಾರಿಯ ಎದುರು ಆದ ಒಪ್ಪಂದ ಸದಸ್ಯನಲ್ಲದವನಿಗೂ ಅನ್ವಯಿಸುತ್ತದೆ. ಚಂದಾ ಕೊಡದವನೂ ಅದೇ ಭತ್ಯೆ ಎಣಿಸುತ್ತಾನೆ. ಕ್ಯಾಂಟೀನಿನ ಜಗಳಗಳಲ್ಲಿ ಅರ್ಧ ಇದರದ್ದೇ.

ವಿಮಾನ ಸಾರಿಗೆ ಕೇಂದ್ರದ ವ್ಯಾಪ್ತಿಗೆ ಬರುತ್ತದೆ, ಅಂದರೆ ಏರ್‌ಲೈನಿನ ತಂಟೆ ಹೋಗುವುದು ಕೇಂದ್ರ ಕಾರ್ಮಿಕ ಆಯುಕ್ತರ ಕಡೆಗೆ. ಏಜೆನ್ಸಿ ಮೂಲಕ ಬಂದವರು ಮೊದಲು ತಮ್ಮ ನೇಮಕ ಪತ್ರದಲ್ಲಿ ಮಾಲೀಕ ಯಾರು ಅಂತ ಓದಲಿ. ಎದೆಯ ಮೇಲೆ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಇರುತ್ತದೆ.

ಮುಷ್ಕರದ ಬಗ್ಗೆ ಹುಡುಗರಿಗೆ ಇರುವ ಕಲ್ಪನೆ ಹಳೆಯದು. ಈಗ ನೋಟಿಸ್ ಕೊಟ್ಟು 14 ದಿನ ಕಾಯಬೇಕು, ರಾಜಿ ನಡೆಯುತ್ತಿರುವಾಗ ಮಾಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಮಾತಾಡಿಕೊಂಡು ಕ್ಯಾಶುಯಲ್ ರಜೆ ಹಾಕಿದರೂ ಅದು ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. 2022ರ ಜುಲೈಯಲ್ಲಿ ಇಂಡಿಗೋ ಟೆಕ್ನಿಷಿಯನ್‌ಗಳು ಕಡಿಮೆ ಸಂಬಳದ ವಿರುದ್ಧ ಒಟ್ಟಾಗಿ ಸಿಕ್ ಲೀವ್ ಹಾಕಿದ್ದು ಸುದ್ದಿಯಾಗಿತ್ತು. ಆ ದಾರಿಯಲ್ಲಿ ಈಗ ಕಲ್ಲುಮುಳ್ಳು ಹೆಚ್ಚು.

ಯೂನಿಯನ್ ಇದ್ದರೆ ಎಲ್ಲ ಸುಖ ಅಂತ ಹೇಳಿದರೆ ಸುಳ್ಳಾಗುತ್ತದೆ. 2010ರ ಮೇ 22ರ ಮಂಗಳೂರು ದುರಂತ ನಮ್ಮಲ್ಲಿ ಯಾರೂ ಮರೆತಿಲ್ಲ. ಅದಾಗಿ ಮೂರೇ ದಿನಕ್ಕೆ ಏರ್ ಇಂಡಿಯಾದ ನೌಕರರ ಯೂನಿಯನ್ನೂ ಎಂಜಿನಿಯರುಗಳ ಸಂಘವೂ ಮುಷ್ಕರ ಹೂಡಿದವು. ಮಾಧ್ಯಮದ ಮುಂದೆ ಮಾತಾಡಬಾರದು ಎಂಬ ಆದೇಶ ಅದರ ಕಾರಣಗಳಲ್ಲಿ ಒಂದು. ದೆಹಲಿ ಹೈಕೋರ್ಟ್ ತಡೆಯಿತು, ಕಂಪನಿ ಹಲವರನ್ನು ವಜಾ ಮಾಡಿತು, ಎರಡೂ ಸಂಘಗಳ ಮಾನ್ಯತೆ ಹೋಯಿತು. ಮುಹೂರ್ತ ಕೆಟ್ಟದ್ದಿತ್ತು, ಊರಿನ ಸಹಾನುಭೂತಿ ಬೇರೆ ಕಡೆ ಇತ್ತು. ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ 2005ರ ಆಗಸ್ಟ್ 20ರಂದು ಮೆಕ್ಯಾನಿಕ್‌ಗಳು, ಸ್ವಚ್ಛತೆಯವರು ಸೇರಿ ಸುಮಾರು 4,400 ಮಂದಿ ಹೊರಬಂದಾಗಲೂ ಇದೇ ಗತಿ: ಕಂಪನಿ ಬದಲಿ ಜನರನ್ನು ಮೊದಲೇ ತಯಾರಿಟ್ಟಿತ್ತು, ಉಳಿದ ಯೂನಿಯನ್‌ಗಳು ಜೊತೆಗೆ ನಿಲ್ಲಲಿಲ್ಲ. ಆ ಕಂಪನಿ ಆಮೇಲೆ ಡೆಲ್ಟಾದಲ್ಲಿ ಸೇರಿತು. ಡೆಲ್ಟಾದಲ್ಲಿ ಪೈಲಟ್‌ಗಳಿಗೆ ಯೂನಿಯನ್ ಉಂಟು, ಮೆಕ್ಯಾನಿಕ್‌ಗಳಿಗಿಲ್ಲ, ಆದರೂ ಸಂಬಳ ಹಿಂದೆ ಬಿದ್ದಿಲ್ಲ. ಪಕ್ಕದ ಮನೆಯ ಒಪ್ಪಂದದ ಬಿಸಿ ಗೋಡೆ ದಾಟಿ ಬರುತ್ತದೆ ಅನ್ನಿ.

ಸಂಬಳದ ಲೆಕ್ಕ ಈಗ. ತಿಂಗಳಿಗೆ 90,000 ಅನ್ನುವ ಪತ್ರದಲ್ಲಿ ಬೇಸಿಕ್ 30,000, ಉಳಿದದ್ದು ಭತ್ಯೆ ಅಂತ ಇಟ್ಟುಕೊಳ್ಳಿ. ಮೂಗಿಗೆ ತುಪ್ಪ. ಗ್ರ್ಯಾಚುಟಿಯ ಸೂತ್ರ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುವುದು. ಬೇಸಿಕ್ ಮೇಲೆ ಹತ್ತು ವರ್ಷಕ್ಕೆ ಸುಮಾರು 1,73,000. ಹೊಸ ಕಾರ್ಮಿಕ ಸಂಹಿತೆಗಳ ವೇತನ ವ್ಯಾಖ್ಯೆಯಲ್ಲಿ ಹೊರಗಿಡುವ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೇ ಸೇರುತ್ತದೆ, ಅಂದರೆ ಲೆಕ್ಕ ಕನಿಷ್ಠ 45,000ದ ಮೇಲೆ, ಸುಮಾರು 2,59,600. ಓವರ್‌ಟೈಮ್ ದುಪ್ಪಟ್ಟು ಅನ್ನುವಾಗಲೂ ಯಾವುದರ ದುಪ್ಪಟ್ಟು ಅಂತ ಕೇಳಿ. ಯೂನಿಯನ್ ಇರುವಲ್ಲಿ ಇದನ್ನು ಕೇಳಲು ಖಜಾಂಚಿ ಇರುತ್ತಾನೆ. ಇಲ್ಲದ ಕಡೆ ಪೇಸ್ಲಿಪ್ ನೀವೇ ಓದಬೇಕು.

ಕಂಪನಿ ಮುಚ್ಚಿದ ದಿನ ಕಾರ್ಮಿಕ ಎಂಬ ಶಬ್ದದ ಬೆಲೆ ಪೂರ್ತಿ ಗೊತ್ತಾಗುತ್ತದೆ. 2012ರಲ್ಲಿ ಕಿಂಗ್‌ಫಿಶರ್, 2019ರ ಏಪ್ರಿಲ್ 17ಕ್ಕೆ ಜೆಟ್, 2023ರ ಮೇಯಲ್ಲಿ ಗೋ ಫಸ್ಟ್. ದಿವಾಳಿ ಸಂಹಿತೆಯ 53ನೇ ಕಲಮಿನ ಸರದಿಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕುಗಳ ಸಾಲಿನಲ್ಲೇ ಸಮಸಮ ನಿಲ್ಲುತ್ತದೆ. ಕಾರ್ಮಿಕರಲ್ಲದ ನೌಕರರಿಗೆ ಅವರ ನಂತರದ ಸಾಲು, ಅದೂ 12 ತಿಂಗಳ ಬಾಕಿಗೆ ಮಾತ್ರ. ಮ್ಯಾನೇಜರ್ ಬಿಲ್ಲೆ ಹಾಕಿಕೊಂಡವನು ಆ ದಿನ ಒಂದು ಮೆಟ್ಟಿಲು ಕೆಳಗೆ. ಭವಿಷ್ಯನಿಧಿ ಮತ್ತು ಗ್ರ್ಯಾಚುಟಿ ನಿಧಿಯ ಹಣ ಮಾತ್ರ ಈ ಸರದಿಗೆ ಹೊರಗೆ, ಅದನ್ನು ಸಾಲ ಕೊಟ್ಟವರು ಮುಟ್ಟುವಂತಿಲ್ಲ.

ನೇಮಕ ಪತ್ರದಲ್ಲಿ ಎರಡು ಸಾಲು ಹುಡುಕಿ. ಒಂದು ಬಾಂಡ್. ಟೈಪ್ ಕೋರ್ಸ್ (ಒಂದು ಮಾದರಿಯ ವಿಮಾನದ ತರಬೇತಿ) ಕೊಡಿಸಿ ಇಷ್ಟು ವರ್ಷ ಬಿಡುವಂತಿಲ್ಲ ಅನ್ನುವುದು. "ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ" ಅನ್ನುವ ಕ್ಯಾಂಟೀನ್ ವಕೀಲರ ಮಾತು ನಂಬಬೇಡಿ. 2025ರ ಮೇಯಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಹೌದು, ನಮ್ಮ ಮಂಗಳೂರಿನದೇ, 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಮೊತ್ತ ತರಬೇತಿಯ ಖರ್ಚಿಗೆ ತಕ್ಕಂತೆ ಇದೆಯೇ, ವರ್ಷ ಕಳೆದಂತೆ ಇಳಿಯುತ್ತದೆಯೇ ಅಂತ ಸಹಿಗೆ ಮುಂಚೆ ಕೇಳಿ. ಇನ್ನೊಂದು ವರ್ಗಾವಣೆ. ನವಿ ಮುಂಬೈ ನಿಲ್ದಾಣ 2025ರ ಡಿಸೆಂಬರ್ 25ರಿಂದ ನಡೆಯುತ್ತಿದೆ. ವಾಕೋಲಾದಲ್ಲಿ ಮನೆ ಮಾಡಿದವನಿಗೆ ಅಲ್ಲಿ ರಾತ್ರಿ ಶಿಫ್ಟ್ ಅಂದರೆ ಹೋಗಿ ಬರುವುದೇ ಇನ್ನೊಂದು ಅರ್ಧ ಶಿಫ್ಟ್. 2023ರ ಜನವರಿಯಲ್ಲಿ ಗೋವಾದ ಮೋಪಾ ನಿಲ್ದಾಣ ಶುರುವಾದಾಗ ವಾಸ್ಕೋದಲ್ಲಿ ನೆಲೆಸಿದ ನಮ್ಮವರಿಗೂ ಇದೇ ಲೆಕ್ಕ. ಪಿಕಪ್ ಗಾಡಿ ಯಾರದ್ದು, ಪ್ರಯಾಣದ ಸಮಯ ವಿರಾಮದ 11 ಗಂಟೆಯೊಳಗೆ ಎಣಿಕೆಯಾಗುತ್ತದೆಯೇ ಹೊರಗೆಯೇ, ಇದು ಒಪ್ಪಂದದಲ್ಲಿ ಇರಬೇಕಾದ ಸಾಲು.

ಲಾಗ್‌ಬುಕ್ ವಿಷಯ ಯೂನಿಯನ್ ಇರುವವರಿಗೂ ಇಲ್ಲದವರಿಗೂ ಒಂದೇ. ಲೈಸೆನ್ಸಿನ ಹಕ್ಕು ಬಳಸಬೇಕಾದರೆ ಹಿಂದಿನ 2 ವರ್ಷದಲ್ಲಿ 6 ತಿಂಗಳ ಅನುಭವ ತೋರಿಸಬೇಕು, ಹೊಸ ಟೈಪ್ ಸೇರಿಸಲು ಮಾಡಿದ ಕೆಲಸದ ದಾಖಲೆ ಬೇಕು. ಅದಕ್ಕೆ ಸಹಿ ಹಾಕುವವರು ಇಂದು ನಿಮ್ಮ ಜೊತೆ ಕೆಲಸ ಮಾಡುತ್ತಿರುವ ಎಎಂಇ ಮತ್ತು ಕ್ವಾಲಿಟಿ ವಿಭಾಗದವರು. ಕಂಪನಿ ನಿಂತ ಮೇಲೆ ಅವರಲ್ಲಿ ಒಬ್ಬ ದೋಹಾದಲ್ಲಿ, ಒಬ್ಬ ಊರಲ್ಲಿ ಅಡಿಕೆ ತೋಟದಲ್ಲಿ ಇರುತ್ತಾನೆ. ಪ್ರತಿ ತಿಂಗಳ ಕೊನೆಯ ಶಿಫ್ಟಿನಲ್ಲಿ, ತಾರೀಖು, ವಿಮಾನದ ನೋಂದಣಿ, ಟಾಸ್ಕ್ ಸಂಖ್ಯೆ ಬರೆದು ಸಹಿ ತೆಗೆದುಕೊಳ್ಳಿ. ಒಂದು ಜೆರಾಕ್ಸ್ ಮನೆಯಲ್ಲಿರಲಿ.