ಬೆಳಕು ಕುಗ್ಗಿದಾಗ ಮಾರ್ಜಕವನ್ನೂ ಅನುಮಾನಿಸಬೇಕು

ಜೀವಕೋಶಗಳಿಗೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯನ್ನು ಅಳೆಯಬೇಕಾದರೆ ಮೊದಲು ಕೋಶದ ಪೊರೆ ಒಡೆಯಬೇಕು, ಅದಕ್ಕೆ ಮಾರ್ಜಕ (ಡಿಟರ್ಜೆಂಟ್) ಬೇಕು. ಒಡೆದ ದ್ರಾವಣಕ್ಕೆ ಮಿಂಚುಹುಳುವಿನ ಲೂಸಿಫೆರೇಸ್ ಕಿಣ್ವವನ್ನೂ ಅದು ಬೆಳಗಿಸುವ ಲೂಸಿಫೆರಿನ್ ಎಂಬ ವಸ್ತುವನ್ನೂ ಮೆಗ್ನೀಸಿಯಂ ಲವಣವನ್ನೂ ಬೆರೆಸಿದರೆ ಸುಮಾರು 560 ನ್ಯಾನೋಮೀಟರ್ ತರಂಗಾಂತರದ ಹಳದಿ ಮಿಶ್ರಿತ ಹಸಿರು ಬೆಳಕು ಹೊಮ್ಮುತ್ತದೆ. ಬೆಳಕು ಹೆಚ್ಚಿದ್ದಷ್ಟೂ ಎಟಿಪಿ ಹೆಚ್ಚು ಎಂಬ ಲೆಕ್ಕವನ್ನೇ ನಂಬಿದ್ದ ನಾನು, ಒಂದು ಪ್ರಯೋಗದಲ್ಲಿ ಬೆಳಕು ತೀರಾ ಕುಗ್ಗಿದಾಗ ಕೋಶಗಳು ಸತ್ತಿವೆ ಎಂದೇ ಬರೆದಿಟ್ಟುಕೊಂಡೆ.

ಅನುಮಾನ ಬಂದದ್ದು ಅದೇ ನಳಿಕೆಗೆ ಗೊತ್ತಿರುವ ಪ್ರಮಾಣದ ಎಟಿಪಿಯನ್ನು ಹಾಕಿದಾಗ. ಜಿಗಿಯಬೇಕಿದ್ದ ಅಂಕಿ ಅಲ್ಪಸ್ವಲ್ಪ ಏರಿ, ನೋಡುತ್ತಿದ್ದಂತೆಯೇ ಇಳಿಯತೊಡಗಿತು. ಕೊರತೆಯಿದ್ದದ್ದು ಎಟಿಪಿಯಲ್ಲಲ್ಲ, ಕಿಣ್ವದ ಶಕ್ತಿಯಲ್ಲಿ.

ನಾನು ಬಳಸಿದ್ದು ಧನ ವಿದ್ಯುದಂಶದ ಕ್ವಾಟರ್ನರಿ ಅಮೋನಿಯಂ ಮಾರ್ಜಕ. ಅದು ಪೊರೆಯನ್ನು ಕ್ಷಣದಲ್ಲಿ ಒಡೆಯುವುದಲ್ಲದೆ, ಎಟಿಪಿಯನ್ನು ಕತ್ತರಿಸುವ ಕೋಶದ ಕಿಣ್ವಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಆದರೆ ಪ್ರೋಟೀನನ್ನು ಕೆಡಿಸುವ ಆ ಗುಣವೇ ನಂತರ ಬಂದು ಸೇರುವ ಲೂಸಿಫೆರೇಸನ್ನೂ ಬಿಡುವುದಿಲ್ಲ. ಸೈಕ್ಲೋಡೆಕ್ಸ್‌ಟ್ರಿನ್ ಬೆರೆಸಿದರೆ ಅದರ ಉಂಗುರದಂಥ ಅಣು ಮಾರ್ಜಕದ ಉದ್ದನೆಯ ಬಾಲವನ್ನು ತನ್ನೊಳಗೆ ಸೆಳೆದುಕೊಂಡು ಕಿಣ್ವವನ್ನು ಕಾಯುತ್ತದೆ. ಈ ಉಪಾಯ ನನಗೆ ಇಂದಿಗೂ ಬಹಳ ಸೊಗಸಾಗಿ ಕಾಣುತ್ತದೆ. ಋಣ ವಿದ್ಯುದಂಶದ ಮಾರ್ಜಕವಾದ ಎಸ್‌ಡಿಎಸ್ ಕೂಡ ಕಿಣ್ವಕ್ಕೆ ಮಾರಕವೇ. ವಿದ್ಯುದಂಶವಿಲ್ಲದ ಮಾರ್ಜಕವಾದ ಟ್ರೈಟನ್ ಎಕ್ಸ್-100 ಮಾತ್ರ ಮಿತವಾಗಿದ್ದರೆ, ಕಿಣ್ವಕ್ಕೆ ಅಂಟಿಕೊಂಡು ಅಡ್ಡಿಮಾಡುವ ಉತ್ಪನ್ನವನ್ನು ಬಿಡಿಸಲು ನೆರವಾಗಿ ಬೆಳಕನ್ನು ಹೆಚ್ಚಿಸುವುದೂ ಉಂಟು. ಹಾಗೆ ಹೆಚ್ಚಿದ ಬೆಳಕೂ ಲೆಕ್ಕವನ್ನು ಅಷ್ಟೇ ತಪ್ಪಿಸುತ್ತದೆ.

ಹಾಗೆಂದು ಧನ ವಿದ್ಯುದಂಶದ ಮಾರ್ಜಕಗಳನ್ನು ದೂರುವುದು ಸರಿಯಲ್ಲ. ಕಿಣ್ವದ ಹಂಗಿಲ್ಲದೆ ಬೆಳಗುವ ಅಕ್ರಿಡಿನಿಯಂ ಎಸ್ಟರುಗಳೆಂಬ ರಾಸಾಯನಿಕಗಳಿಗೆ ಕ್ಷಾರದ ಜೊತೆ ಇಂಥದೇ ಮಾರ್ಜಕವನ್ನು ಬೇಕೆಂದೇ ಸೇರಿಸುತ್ತಾರೆ, ಬೆಳಕು ಹೆಚ್ಚುತ್ತದೆ. ಬೆಳಕು ಕೊಡುವ ಇನ್ನೊಂದು ಬಗೆಯ ರಾಸಾಯನಿಕಗಳಾದ ಡಯಾಕ್ಸೆಟೇನುಗಳ ವಿಷಯದಲ್ಲಿ ಉತ್ತೇಜಿತ ಅಣುವಿನ ಶಕ್ತಿಯನ್ನು ನೀರು ಬೆಳಕಾಗುವ ಮೊದಲೇ ಕಸಿದುಕೊಳ್ಳುತ್ತದೆ. ಮಾರ್ಜಕದ ಅಣುಗಳು ಗುಂಪುಗೂಡಿ ಕಟ್ಟುವ ಮೈಸೆಲ್‌ಗಳ ನೀರೊಲ್ಲದ ಒಳಭಾಗ ಆ ನಷ್ಟವನ್ನು ತಗ್ಗಿಸುತ್ತದೆ.

ಬೆಳಕು ಕೊಡುವ ಮತ್ತೊಂದು ರಾಸಾಯನಿಕವಾದ ಲ್ಯುಮಿನಾಲ್ ಬಳಸುವವರು ಮಾರ್ಜಕದ ಬಾಟಲಿಯ ವಯಸ್ಸನ್ನೂ ನೋಡಬೇಕು. ಗಾಳಿ, ಬೆಳಕಿಗೆ ತೆರೆದುಕೊಂಡು ಹಳತಾದ ಟ್ರೈಟನ್‌ನಲ್ಲಿ ಪೆರಾಕ್ಸೈಡುಗಳು ಕೂಡಿಕೊಳ್ಳುತ್ತವೆ, ಲ್ಯುಮಿನಾಲ್ ಬೆಳಗುವುದೇ ಪೆರಾಕ್ಸೈಡಿನಿಂದ. ಹೀಗಾಗಿ ಮಾದರಿಯೇ ಇಲ್ಲದ ಖಾಲಿ ನಳಿಕೆಯೂ ಮಿನುಗಬಹುದು.

ಈಗ ನಾನು ಎಟಿಪಿಯ ಮಾನಕ ರೇಖೆಯನ್ನು (ಗೊತ್ತಿರುವ ಪ್ರಮಾಣಗಳು ಕೊಡುವ ಬೆಳಕಿನ ನಕ್ಷೆಯನ್ನು) ಬರಿಯ ಬಫರಿನಲ್ಲಿ ಎಳೆಯುವುದಿಲ್ಲ. ಮಾದರಿಯಲ್ಲಿ ಎಷ್ಟು ಮಾರ್ಜಕವಿದೆಯೋ ಅಷ್ಟನ್ನೇ ಅದಕ್ಕೂ ಬೆರೆಸುತ್ತೇನೆ. ಮೊದಲ ಅಂಕಿ ಬಂದ ಮೇಲೆ ಪ್ರತಿ ನಳಿಕೆಗೂ ಗೊತ್ತಿರುವ ಎಟಿಪಿಯನ್ನು ಹಾಕಿ ಮತ್ತೊಮ್ಮೆ ಓದುತ್ತೇನೆ.