ಕಾನ್ಸಾಸ್ ಬಯಲಿನ ಕಲ್ಲುಕೂಚಗಳು

ಡೆನ್ವರ್‌ನ ಮಗನ ಮನೆಯಿಂದ ಕಾನ್ಸಾಸ್ ಕಡೆ ಹೊರಟಾಗ ಅವನ ಸ್ನೇಹಿತರು "ಅಲ್ಲೇನಿದೆ ಆಂಟೀ, ಬರೀ ಗೋಧಿ ಹೊಲ" ಅಂದಿದ್ದರು. ಮೊದಲ ದಿನ ನಾನು ಕಂಡದ್ದೂ ಅಷ್ಟೇ. ಹೇಸ್ ಊರಿನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ದಕ್ಷಿಣಕ್ಕೆ ಲಾ ಕ್ರಾಸ್ ಹಾದಿ ಹಿಡಿದೆವು. ಸ್ವಲ್ಪ ದೂರ ಹೋಗಿದ್ದೆವೋ ಇಲ್ಲವೋ, ರಸ್ತೆ ಬದಿಯ ಬೇಲಿ ನೋಡಿ "ನಿಲ್ಸೋ, ನಿಲ್ಸೋ" ಎಂದು ಕೂಗಿಬಿಟ್ಟೆ.

ಕಲ್ಲುಕೂಚ! ಬೇಲಿಗೆ ನೆಡುವ ಕಲ್ಲಿನ ಕಂಬ. ಚಿಕ್ಕಬಳ್ಳಾಪುರದ ಹತ್ತಿರದ ನನ್ನ ತವರಿನ ದ್ರಾಕ್ಷಿ ತೋಟದಲ್ಲಿ ಇದ್ದಂಥವೇ, ಸಾಲಾಗಿ, ದಿಬ್ಬ ಹತ್ತಿ ಇಳಿದು ಕಣ್ಣು ಹೋಗುವವರೆಗೂ. ನಮ್ಮವು ಬೂದು ಬಣ್ಣ, ಇವು ಬೆಣ್ಣೆ ಬಣ್ಣ. ಕೆಲವದರ ನಡುವೆ ತುಕ್ಕಿನಂಥ ಕೆಂಪು ಪಟ್ಟೆ. ಇಳಿದು ಹೋಗಿ ಒಂದನ್ನು ಸವರಿದೆ. ಅಂಚಿನುದ್ದಕ್ಕೂ ಗೇಣು ಗೇಣಿಗೊಂದರಂತೆ ಅರ್ಧ ಸೀಳಿದ ಕೊಳವೆಯಂಥ ಗುರುತುಗಳು. ಅವು ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಣೆ ಹೊಡೆದ ಗುರುತು. ಅದರ ಕೆಳಗೆ, ಅಂಗೈ ಅಗಲಕ್ಕೆ, ಒಂದು ಚಿಪ್ಪಿನ ಅಚ್ಚು. ಒಂದು ಕಾಲಕ್ಕೆ ಈ ಬಯಲೆಲ್ಲ ಸಮುದ್ರವಾಗಿತ್ತಂತೆ.

ಲಾ ಕ್ರಾಸ್‌ನಲ್ಲಿ ಈ ಕಲ್ಲುಗಳಿಗೆಂದೇ ಒಂದು ಪುಟ್ಟ ಮ್ಯೂಸಿಯಂ ಇದೆ. ಪಕ್ಕದಲ್ಲೇ ಮುಳ್ಳುತಂತಿಯ ಮ್ಯೂಸಿಯಂ. ಎರಡು ಸಾವಿರಕ್ಕೂ ಹೆಚ್ಚು ಬಗೆಯ ತಂತಿ. ನಮ್ಮವರು ಅಲ್ಲೇ ಬೀಡುಬಿಟ್ಟರು, ನಾನು ಕಲ್ಲಿನ ಹತ್ತಿರ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸಿಕ್ಕಿದ ರೈತರಿಗೆ ಭೂಮಿಯೇನೋ ಇತ್ತು, ಬೇಲಿ ಹಾಕಲು ಮರ ಇರಲಿಲ್ಲ. ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ. ತಂತಿ ಬಂದರೂ ಕಟ್ಟುವುದು ಯಾವುದಕ್ಕೆ? ಆಗ ಕಾಲ ಕೆಳಗಿನ ಸುಣ್ಣಕಲ್ಲು ಕಣ್ಣಿಗೆ ಬಿತ್ತು. ಒಂದಡಿಗೂ ಕಡಿಮೆ ದಪ್ಪದ ಒಂದೇ ಪದರ. ಮೇಲಿನ ಮಣ್ಣು ಸರಿಸಿ, ಕೈಬೈರಿಗೆಯಿಂದ ಸಾಲಾಗಿ ತೂತು ಕೊರೆದು, ಒಂದೊಂದರಲ್ಲೂ ಎರಡು ಕಬ್ಬಿಣದ ಪಟ್ಟಿ ಇಳಿಸಿ, ನಡುವೆ ಬೆಣೆ ಇಟ್ಟು ಸಾಲಿನುದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಕಲ್ಲು ತಾನಾಗಿ ಸೀಳುತ್ತದೆ. ನೆಲದಿಂದ ತೆಗೆದಾಗ ಮೆದು, ಗಾಳಿ ಕುಡಿದ ಮೇಲೆ ಗಟ್ಟಿ. ಒಂದೊಂದು ಕಂಬದ ತೂಕ 115ರಿಂದ 200 ಕಿಲೋ. ಅದನ್ನು ಸಾಗಿಸಿದ್ದು ಕುದುರೆ ಗಾಡಿಯಲ್ಲಿ.

ವಾಪಸ್ ಬರುವಾಗ ಫೋನಿನ ಮ್ಯಾಪ್ ಹೇಳಿತೆಂದು ಮಣ್ಣುರಸ್ತೆಗೆ ತಿರುಗಿದೆವು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಅಂಟು ಮಣ್ಣಿನಲ್ಲಿ ಕಾರು ಹೂತುಕೊಂಡು ಒಂದೂವರೆ ಗಂಟೆ ನಿಂತೆವು, ಫೋನಿಗೆ ಸಿಗ್ನಲ್ಲೂ ಇಲ್ಲ. ಸಾಲದ್ದಕ್ಕೆ ಬಾಡಿಗೆ ಕಾರಿನವರು ಆಮೇಲೆ ಕೆಸರು ತೊಳೆದದ್ದಕ್ಕೆ ಬೇರೆ ದುಡ್ಡು ಕಿತ್ತರು. ಈ ಕಡೆ ಹೋಗುವವರು ಮಳೆಯ ಮರುದಿನ ಜಲ್ಲಿ ಇಲ್ಲದ ರಸ್ತೆಗೆ ಇಳಿಯಲೇಬೇಡಿ, ಮ್ಯಾಪ್ ಏನೇ ಹೇಳಲಿ.

ಟ್ರ್ಯಾಕ್ಟರ್ ತಂದು ಎಳೆದವರು ಎಪ್ಪತ್ತು ದಾಟಿದ ಒಬ್ಬ ರೈತರು. ಅವರ ಮುತ್ತಜ್ಜ 1876ರಲ್ಲಿ ರಷ್ಯಾದ ವೋಲ್ಗಾ ತೀರದಿಂದ ಬಂದ ಜರ್ಮನ್ ರೈತರಲ್ಲಿ ಒಬ್ಬರಂತೆ. ಎದುರಿಗಿದ್ದ ಬೇಲಿ ಅವರದೇ. ನಮ್ಮೂರಲ್ಲೂ ಕಲ್ಲಿನ ಕಂಬ ನೆಡುತ್ತೇವೆ, ಬೆಣೆ ಹೊಡೆದೇ ಸೀಳುತ್ತೇವೆ ಅಂದಾಗ ಅವರು ಟ್ರ್ಯಾಕ್ಟರ್ ಆಫ್ ಮಾಡಿ ಇಳಿದು ಬಂದರು. "ಯಾವ ಕಲ್ಲು? ಎಷ್ಟು ಆಳಕ್ಕೆ ಹೂಳ್ತೀರಿ?" ಎರಡಡಿ ಅಂದೆ. ತಲೆಯಾಡಿಸಿದರು. "ತಂತಿ ಮೂರು ಸಲ ಬದಲಾಯಿಸಿದ್ದೀವಿ. ಕಲ್ಲು ನಮ್ಮ ಮುತ್ತಜ್ಜ ನೆಟ್ಟದ್ದೇ. ನಿಮ್ಮವು ಹೇಗಿವೆ?"

ತೋಟ ಮಾರಿಯಾಯಿತು, ಅಲ್ಲಿ ಈಗ ಲೇಔಟ್ ಆಗಿದೆ ಅಂದೆ. ಲೇಔಟ್ ಅಂದರೇನೆಂದು ಮಗ ವಿವರಿಸಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಮತ್ತೆ ಆ ಕಲ್ಲುಗಳು ಎಲ್ಲಿಗೆ ಹೋದವು?"

ನನಗೆ ಗೊತ್ತಿರಲಿಲ್ಲ. ಅಪ್ಪ ಒಂದೊಂದನ್ನೂ ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದ ಕಲ್ಲುಗಳು. ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಅವರ ಮಾತಿನ ಮೇಲೆ ವಿಕ್ಟೋರಿಯಾ ಊರಿನ ಸೇಂಟ್ ಫಿಡೆಲಿಸ್ ಚರ್ಚಿಗೂ ಹೋದೆವು. ಬಯಲಿನ ನಡುವೆ 141 ಅಡಿಯ ಜೋಡಿ ಗೋಪುರ. 1911ರಲ್ಲಿ ಮುಗಿದದ್ದು, ಊರವರು ತಲಾ ವರ್ಷಕ್ಕೆ 45 ಡಾಲರ್, ಜೊತೆಗೆ ಆರು ಗಾಡಿ ಕಲ್ಲು ಕೊಟ್ಟು ಕಟ್ಟಿಸಿದರಂತೆ. ಚೆನ್ನಾಗಿದೆ, ನೋಡಲೇಬೇಕು. ಮರುದಿನ ಲೂಕಸ್‌ನಲ್ಲಿ ನೋಡಿದ ಸಿಮೆಂಟ್ ಗೊಂಬೆಗಳ ತೋಟ ಮಾತ್ರ ನನಗೆ ಹಿಡಿಸಲಿಲ್ಲ. ಕಟ್ಟಿದವನ ಹೆಣವನ್ನೇ ಗಾಜಿನೊಳಗೆ ತೋರಿಸುತ್ತಾರೆ.

ಚರ್ಚ್ ನೋಡಿದ ಆ ರಾತ್ರಿ ಒಂಬತ್ತಕ್ಕೆ, ನಮ್ಮೂರಲ್ಲಿ ಬೆಳಗಾಗಿತ್ತು, ತಮ್ಮನಿಗೆ ಫೋನ್ ಮಾಡಿದೆ.

"ಲೇಔಟ್‌ನವರು ಕಿತ್ತು ಹಾಕಿದ್ರು. ಎಂಟು ಮಾತ್ರ ತಂದೆ ಅಕ್ಕಾ, ಹಿತ್ತಲಲ್ಲಿ ಬಿದ್ದಿವೆ. ಯಾಕೆ?"

ಯಾರಿಗೂ ಕೊಡಬೇಡ ಅಂದೆ.