ರಾಜಗಡದಿಂದ ರಾಯಗಡಕ್ಕೆ: ಮೊದಲ ಬಾರಿ ದೂರದ ಚಾರಣಕ್ಕೆ ಹೊರಡುವವರಿಗೆ

ಈ ಚಾರಣ ಶುರುವಾಗುವ ರಾಜಗಡ ಕೋಟೆಗೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವವರು ಪುಣೆ ನಗರದವರೆಗೆ ಹೋಗುವ ಅಗತ್ಯವಿಲ್ಲ. ಬೆಂಗಳೂರು ಹೆದ್ದಾರಿಯಲ್ಲೇ, ಪುಣೆಗಿಂತ ಮೊದಲು, ರಾಜಗಡದ ಕಡೆಗೆ ತಿರುಗುವ ನಸರಾಪುರ ಫಾಟಾ (ಕೂಡುರಸ್ತೆ) ಸಿಗುತ್ತದೆ. ಪುಣೆಯಲ್ಲಿರುವ ನಮ್ಮಂಥವರಿಗೆ ಸ್ವಾರಗೇಟಿನ ಎಸ್.ಟಿ. ಬಸ್ಸೇ ಒಳ್ಳೆಯದು. ಬಸ್ಸು ತಪ್ಪಿದ್ದರಿಂದ ನಾವು ಫಾಟಾದಲ್ಲಿ ಜೀಪು ಹತ್ತಿದೆವು. ಸೀಟಿಗಿಷ್ಟು ಎಂದು ಒಪ್ಪಿಕೊಂಡಿದ್ದ ಚಾಲಕ ನಡುದಾರಿಯ ಮಾರ್ಗಾಸನಿಯಲ್ಲಿ ಗಾಡಿ ನಿಲ್ಲಿಸಿ, ಕೋಟೆಯ ಬುಡದ ಹಳ್ಳಿಯಾದ ಗುಂಜವಣೆಗೆ ಹೋಗಬೇಕಾದರೆ ಇಡೀ ಜೀಪಿನ ಬಾಡಿಗೆ ಕೊಡಿ ಎಂದು ಪಟ್ಟು ಹಿಡಿದ. ಬೆನ್ನ ಮೇಲೆ ದೊಡ್ಡ ಚೀಲ ಹೊತ್ತವರು ಇಳಿದು ನಡೆಯುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಗುಂಜವಣೆ ಊರೊಳಗಿನವರೆಗೆ ಎಷ್ಟೆಂದು ಹತ್ತುವ ಮೊದಲೇ, ಉಳಿದ ಪ್ರಯಾಣಿಕರ ಎದುರಿನಲ್ಲಿ ಮಾತಾಡಿಕೊಳ್ಳಿ.

ಶನಿವಾರ, ಭಾನುವಾರ ರಾಜಗಡಕ್ಕೆ ಹೋಗಲೇಬೇಡಿ. ಕೋಟೆಯ ತುದಿಯ ಒಳಕೋಟೆಯಾದ ಬಾಲೇಕಿಲ್ಲೆಯ ಕಡಿದಾದ ಬಂಡೆಯಲ್ಲಿ ಹತ್ತುವವರೂ ಇಳಿಯುವವರೂ ಒಂದೇ ಕಂಬಿ ಹಿಡಿದು ಕಾಯುವ ಆ ನೂಕುನುಗ್ಗಲು ನನಗಂತೂ ಸಹಿಸಲಾಗದ್ದು. ಕೋಟೆಯ ಮೇಲೆ ರಾತ್ರಿ ತಂಗಲು ಬಿಡುತ್ತಾರೆಯೇ ಎಂಬುದನ್ನು ಗುಂಜವಣೆಯಲ್ಲೇ ವಿಚಾರಿಸಿಕೊಳ್ಳಿ.

ರಾಜಗಡದ ಸಂಜೀವನಿ ಮಾಚಿಯ (ಮಾಚಿ ಎಂದರೆ ಕೋಟೆಯ ಹೊರಚಾಚಿದ ಭಾಗ) ಅಳು ದರವಾಜೆಯಿಂದ ಇಳಿದು ಮುಂದಿನ ಕೋಟೆಯಾದ ತೋರಣಾದ ಬುಧಲಾ ಮಾಚಿ ಮುಟ್ಟುವವರೆಗಿನ ಏಣುದಾರಿಯಲ್ಲಿ ನೆರಳು ಕಡಿಮೆ, ನೀರನ್ನಂತೂ ನಂಬುವಂತಿಲ್ಲ. ತಲಾ ನಾಲ್ಕು ಲೀಟರ್ ತುಂಬಿಸಿಕೊಂಡೇ ಹೊರಡಬೇಕು. ಅಷ್ಟು ನೀರು ಹೊರಬೇಕೆಂದರೆ ಬೇರೆ ಭಾರ ಇಳಿಸಲೇಬೇಕು: ಟೆಂಟು, ಸ್ಟವ್, ಪಾತ್ರೆಗಳನ್ನು ಮನೆಯಲ್ಲೇ ಬಿಡಿ. ಈ ದಾರಿಯಲ್ಲಿ ರಾತ್ರಿಗೆ ಹಳ್ಳಿಗಳು ಸಿಗುತ್ತವೆ ಎಂಬ ಕಾರಣಕ್ಕೇ ಮೊದಲ ದೂರದ ಚಾರಣಕ್ಕೆ ಇದನ್ನು ಶಿಫಾರಸು ಮಾಡುತ್ತಿದ್ದೇನೆ. ನವೆಂಬರ್, ಡಿಸೆಂಬರ್ ತಿಂಗಳುಗಳೇ ಸೂಕ್ತ. ಬೇಸಿಗೆ ಹತ್ತಿರವಾದಂತೆ ಮೇಲಿನ ತೊಟ್ಟಿಗಳ ನೀರು ತಳ ಹಿಡಿಯುತ್ತದೆ.

ತೋರಣಾ ದಾಟಿದ ಮೇಲೆ ಸಹ್ಯಾದ್ರಿಯ ಅಂಚಿನಲ್ಲಿ ಸಿಗುವ ಮೊಹರಿ ಎಂಬ ಪುಟ್ಟ ಹಳ್ಳಿಯ ಊಟವನ್ನು ತಪ್ಪಿಸಿಕೊಳ್ಳಬೇಡಿ. ನಾವು ತಂಗಿದ ಮನೆಯ ಮಾವಶಿ (ಚಿಕ್ಕಮ್ಮ) ಅಕ್ಕಿ ಭಾಕರಿಯನ್ನು ಕೈಯಲ್ಲೇ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಿದ್ದರು. ಅದು ಉಬ್ಬಿದೊಡನೆ ನೇರವಾಗಿ ತಟ್ಟೆಗೆ ಬೀಳುತ್ತಿತ್ತು. ಜೊತೆಗೆ ಬೆಳ್ಳುಳ್ಳಿ ಒಗ್ಗರಣೆಯ ತೆಳ್ಳನೆಯ ಕಡಲೆಹಿಟ್ಟಿನ ಪಿಠಲೆ, ಜಜ್ಜಿದ ಹಸಿಮೆಣಸಿನಕಾಯಿಯ ಠೇಚಾ, ಹಸಿ ಈರುಳ್ಳಿ, ಬಿಸಿ ಅನ್ನ. ಸಾಕೆಂದರೂ ಬಿಡದೆ ಬಡಿಸಿ ಅವರು ಕೇಳಿದ ಹಣ ಹೆದ್ದಾರಿಯ ಢಾಬಾದಲ್ಲಿ ಒಂದು ಪಲ್ಯಕ್ಕೂ ಸಾಲದು. ದಯವಿಟ್ಟು ಅಲ್ಲಿ ಚೌಕಾಸಿ ಮಾಡಬೇಡಿ. ಚಿಲ್ಲರೆ ನೋಟುಗಳನ್ನು ಪುಣೆಯಿಂದಲೇ ಒಯ್ಯಿರಿ. ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ಹಣ ಕಳಿಸಲಾಗದು.

ಬೆಳಿಗ್ಗೆ ಊರಾಚೆಯ ರಾಯಲಿಂಗ ಪಠಾರದ (ಪ್ರಸ್ಥಭೂಮಿಯ) ಅಂಚಿಗೆ ಹೋದರೆ ಕೆಳಗೆ ಲಿಂಗಾಣಾ ಶಿಖರ, ಅದರಾಚೆ 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕ ನಡೆದ ರಾಯಗಡ ಕಾಣುತ್ತವೆ. ಅಲ್ಲಿಂದ ಕೊಂಕಣಕ್ಕಿಳಿಯಲು ಬೋರಾಟ್ಯಾ ನಾಳ (ಬೆಟ್ಟದ ಕಡಿದಾದ ಕೊರಕಲು) ಹತ್ತಿರವೆಂದು ಹೇಳುವವರಿದ್ದಾರೆ. ಸಡಿಲ ಕಲ್ಲುಗಳೂ, ಕಮರಿಯ ಅಂಚಿನ ಕಿರುದಾರಿಯೂ ಇರುವ ಅದು ಹೊಸಬರಿಗೆ ಸಲ್ಲದು. ಸಿಂಗಾಪುರ ನಾಳದಿಂದ ಇಳಿಯಿರಿ, ಅದಕ್ಕೂ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರ ದಿನಗೂಲಿ ಕೊಡಿ. ಇಳಿಯುವಷ್ಟರಲ್ಲಿ ಮೊಣಕಾಲು ಸೋತಿದ್ದರೆ ರಾಯಗಡದ ಮೆಟ್ಟಿಲು ಬಿಟ್ಟು ರೋಪ್‌ವೇ ಹಿಡಿಯಬಹುದು. ಮರಳುವಾಗ ರಾಯಗಡದ ಬುಡದ ಪಾಚಾಡದಿಂದ ಮಹಾಡಕ್ಕೆ ಬಂದರೆ ಮುಂಬೈಗೂ ಪುಣೆಗೂ ಬಸ್ಸುಗಳಿವೆ.